ಪಾದ್ರಿಯಾಗದವನ ಅಕ್ಕ

ಯಾಕಪ್ಪ ಪಾದ್ರಿಯಾಗುತ್ತಾನೆಯೇ ಎಂದು ಆ ಮನೆಯಲ್ಲಿ ಯಾರೂ ಯಾರನ್ನೂ ಕೇಳಿರಲಿಲ್ಲ. ಯಾಕಪ್ಪನಂತೂ ಹೇಳಿರಲೇ ಇಲ್ಲ. ಆದರೂ ಅವನು ಕಾಲೇಜಿಗೆ ಸೇರಿದ ವಾರದೊಳಗೆ ಅಜ್ಜಿಗೆ ಗೊತ್ತಾಗಿಹೋಗಿತ್ತು. ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ಅಪ್ಪನಿಗೆ, ಭಾನುವಾರದ ಪೂಜೆ ಮುಗಿಸಿ ಚರ್ಚಿನ ಮೆಟ್ಟಿಲು ಇಳಿಯುವ ಹೊತ್ತಿಗೆ ಅರ್ಧ ಊರಿಗೆ. ಗೊತ್ತಿಲ್ಲದೆ ಉಳಿದವನು ಅವನೊಬ್ಬನೇ.

ಯಾಕಪ್ಪ ಎನ್ನುವುದು ಅವನ ಹೆಸರಲ್ಲ. ಮಾತು ಬಂದ ದಿನದಿಂದ ಅಪ್ಪನ ಬೆನ್ನು ಹತ್ತಿ "ಯಾಕಪ್ಪಾ? ಯಾಕಪ್ಪಾ?" ಎಂದು ತಲೆ ತಿನ್ನುತ್ತಿದ್ದ ತಮ್ಮನಿಗೆ ಅಕ್ಕ ಇಟ್ಟ ಹೆಸರು. ಚರ್ಚಿನ ದಾಖಲೆಯಲ್ಲಿ ಒಬ್ಬ ಸಂತನ ಹೆಸರಿದೆ. ಆ ಸಂತನ ಹೆಸರು ಹಿಡಿದು ಕರೆದರೆ ಹುಡುಗ ತಿರುಗಿಯೂ ನೋಡುವುದಿಲ್ಲ.

ಅಜ್ಜಿಯ ತರ್ಕ ಸರಳವಾಗಿತ್ತು. ಅವರ ಕ್ರೈಸ್ತ ಸಭೆಯಲ್ಲಿ ಪಾದ್ರಿಯಾಗಲು ಹೋಗುವ ಹುಡುಗರು ಮೊದಲು ತತ್ವಶಾಸ್ತ್ರ ಓದುತ್ತಾರೆ, ಆಮೇಲೆ ದೇವಶಾಸ್ತ್ರ. ಅಜ್ಜಿಯ ಒಡಹುಟ್ಟಿದ ತಮ್ಮನೂ ಹಾಗೇ ಓದಿ ಪಾದ್ರಿಯಾಗಿ ಬಾಳಿ ತೀರಿಕೊಂಡವನು. ಈಗ ಮೊಮ್ಮಗ ಸೇರಿರುವುದು ಪಾದ್ರಿಗಳು ನಡೆಸುವ ಕಾಲೇಜು, ಆರಿಸಿಕೊಂಡಿರುವುದು ತತ್ವಶಾಸ್ತ್ರ. ಇನ್ನು ಬಿಡಿಸಿ ಹೇಳುವುದಕ್ಕೆ ಏನಿದೆ? ಹುಡುಗನನ್ನೇ ಒಂದು ಮಾತು ಕೇಳಬಹುದಿತ್ತು. ಆದರೆ ಕೇಳಕೂಡದು ಎಂಬುದು ಅಜ್ಜಿಯ ಕಟ್ಟಪ್ಪಣೆ. ದೇವರ ಕರೆ ಬಂದವನನ್ನು ಕೆದಕಿ ಬಾಯಿ ಬಿಡಿಸಿದರೆ ಬಂದ ಕರೆ ಹಿಂದಕ್ಕೆ ಹೋಗುತ್ತದಂತೆ.

"ಕಾವಿಗೆ ಕೂತ ಕೋಳಿನ ಎಬ್ಬಿಸಿ ಮೊಟ್ಟೆ ನೋಡ್ತಾರೇನೇ? ಎಲ್ಲಾರೂ ಬಾಯಿ ಮುಚ್ಕೊಂಡಿರಿ," ಎಂದಳು ಅಜ್ಜಿ. ಎಲ್ಲರೂ ಮುಚ್ಚಿಕೊಂಡರು.

ಬಾಯಿ ಮುಚ್ಚಿಕೊಂಡರೂ ಕೈ ಸುಮ್ಮನಿರಲಿಲ್ಲ. ಬೆಳಗಿನ ಬ್ರೆಡ್ಡಿನ ಜೊತೆ ಯಾಕಪ್ಪನ ತಟ್ಟೆಗೆ ಎರಡು ಮೊಟ್ಟೆ ಬೀಳತೊಡಗಿದವು, ಅಕ್ಕನ ತಟ್ಟೆಗೆ ಎಂದಿನಂತೆ ಒಂದು. ಮೀನು ಹುರಿದ ದಿನ ನಡುಭಾಗ ಅವನಿಗೆ. ನೀರು ತುಂಬಿಸುವ ಕೆಲಸ, ಕಸದ ಡಬ್ಬ ಹೊರಗಿಡುವ ಕೆಲಸ ತಾವಾಗಿಯೇ ಅಕ್ಕನ ಪಾಲಿಗೆ ಬಂದವು. ಹುಡುಗ ಬುದ್ಧಿವಂತ ನಿಜ, ಆದರೆ ಎರಡನೇ ಮೊಟ್ಟೆ ತಿನ್ನುವಾಗ ಮಾತ್ರ ಅವನಿಗೆ "ಯಾಕೆ" ಅನ್ನುವುದು ನೆನಪಾಗಲಿಲ್ಲ. ಮನೆಯಲ್ಲಿ ಮೊದಲು ಕಾಲೇಜು ಮೆಟ್ಟಿಲು ಹತ್ತಿದವನು ತಾನಲ್ಲವೇ, ಅದಕ್ಕಿರಬೇಕು ಎಂದುಕೊಂಡ. ತಿಂದುಂಡು ಸುಖವಾಗಿದ್ದ.

ಮನೆಯ ಮುಂದಿನ ಕೋಣೆಯೇ ಅಂಗಡಿ. ಅಪ್ಪ ಕುಶನ್ ಕೆಲಸದ ಮೇಸ್ತ್ರಿ. ಹಳೆ ಸೋಫಾ, ಕುಸಿದ ಕುರ್ಚಿ, ಬಸ್ಸಿನ ಸೀಟು, ಚರ್ಚಿನಲ್ಲಿ ಮಂಡಿಯೂರುವ ಹಲಗೆಯ ಮೆತ್ತೆ, ಎಲ್ಲ ಅಲ್ಲಿಗೆ ಬರುತ್ತಿದ್ದವು. ಬಂದದ್ದನ್ನು ತಲೆಕೆಳಗು ಮಾಡಿ ಅಡಿಯ ಮೊಳೆ ಕಿತ್ತು, ಬಟ್ಟೆ ಸುಲಿದು, ಒಳಗಿನ ಧೂಳು ಬಡಿದು, ಹೊಸ ಪಟ್ಟಿ ಬಿಗಿದು, ಸ್ಪಂಜು ಕೂರಿಸಿ, ಮೇಲೆ ರೆಕ್ಸಿನ್ ಎಳೆದು ಮೊಳೆ ಹೊಡೆಯುವುದು ಕೆಲಸ. ಎಳೆಯುವುದರಲ್ಲಿ ಅಕ್ಕನ ಕೈ ಪಳಗಿತ್ತು. ಶಾಲೆ ಮುಗಿಸಿದ ಮೇಲೆ ಅವಳು ಅಂಗಡಿಗೇ ಬಂದವಳು. ಮೂಲೆಯಲ್ಲಿ ಒಂದು ನೆರಿಗೆ ಬೀಳದಂತೆ ಬಟ್ಟೆ ಮಡಿಸುತ್ತಿದ್ದಳು. ಗಿರಾಕಿಗಳ ಜೊತೆ ಮಾತಾಡುವುದೂ ಅವಳೇ, ಬೈಯುವುದೂ ಅವಳೇ. ಯಾಕಪ್ಪ ಸುತ್ತಿಗೆ ಹಿಡಿದರೆ ಮೊಳೆಗಿಂತ ಹೆಬ್ಬೆರಳಿಗೇ ಹೆಚ್ಚು ಏಟು ಬೀಳುತ್ತಿತ್ತು.

ಒಂದು ರಾತ್ರಿ ಊಟಕ್ಕೆ ಕೂತಾಗ ಅಪ್ಪ ಗಂಟಲು ಸರಿಮಾಡಿಕೊಂಡು ಮಗಳ ಕಡೆ ನೋಡಿದ.

"ಮುಂದಕ್ಕೆ ಅಂಗಡಿ ನಿಂದೇ. ನಾನು ಯೋಚನೆ ಮಾಡಿದೀನಿ."

ಅಕ್ಕನ ಕೈಯಲ್ಲಿದ್ದ ಆಲೂಗಡ್ಡೆ ಅಲ್ಲೇ ನಿಂತಿತು. "ನಿಜವಾಗ್ಲೂ?"

"ಸುಳ್ಳು ಹೇಳೋಕೆ ಊಟದ ಹೊತ್ತೇ ಬೇಕಾ? ಇವನಂತೂ..." ಎಂದು ಮಗನ ಕಡೆ ತಿರುಗಿದ ಅಪ್ಪ, ಅಜ್ಜಿ ಕಣ್ಣು ಬಿಟ್ಟದ್ದು ನೋಡಿ ಮಾತು ನುಂಗಿದ. "ಇವನಿಗೆ ಬೇರೆ ದಾರಿ ಇದೆ."

"ಇದೆ ಇದೆ," ಎಂದ ಯಾಕಪ್ಪ ಖುಷಿಯಾಗಿ. "ಅಕ್ಕನಿಗೇ ಸರಿ."

ಅಕ್ಕ ಮರುದಿನದಿಂದಲೇ ರೆಕ್ಕೆ ಬಂದವಳಂತೆ ಓಡಾಡಿದಳು. ಹಾಳು ಮೂಳು ತುಂಬಿದ್ದ ಹಿಂದಿನ ಅಟ್ಟ ಖಾಲಿ ಮಾಡಿಸಿದಳು. ದಪ್ಪ ಬಟ್ಟೆ ಹೊಲಿಯುವ ಮೆಷಿನ್ನೊಂದನ್ನು ಚೌಕಾಸಿ ಮಾಡಿ ತಂದಳು. ತಮ್ಮನ ಕಾಲೇಜಿನ ಸಭಾಂಗಣದ ಕುರ್ಚಿಗಳೆಲ್ಲ ಹರಿದಿವೆಯೆಂದು ಕೇಳಿ ತಾನೇ ಹೋಗಿ ಅಲ್ಲಿನ ಮ್ಯಾನೇಜರನ್ನು ಕಂಡು, ಮಾದರಿಗೆ ಒಂದು ಕುರ್ಚಿ ಹೊತ್ತು ತಂದಳು. ಅಷ್ಟು ದೊಡ್ಡ ಕೆಲಸ ಆ ಅಂಗಡಿಗೆ ಹಿಂದೆಂದೂ ಬಂದಿರಲಿಲ್ಲ. ಅವಳ ಸಂತೋಷಕ್ಕೆ ಮನೆ ಸಣ್ಣದಾಯಿತು.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರು ಇರುತ್ತಾರಲ್ಲ, ಅಜ್ಜಿ ಆ ಪೈಕಿ. ಒಂದು ಶನಿವಾರ ಯಾಕಪ್ಪ ಕಾಲೇಜಿನಿಂದ ಬಂದಾಗ ಅಡುಗೆಮನೆಯಲ್ಲಿ ದರ್ಜಿ ಟೀ ಕುಡಿಯುತ್ತ ಕೂತಿದ್ದ. ಮೇಜಿನ ಮೇಲೆ ಬಿಳಿ ಬಟ್ಟೆಯ ಥಾನು.

"ಕೈ ಮೇಲೆತ್ತು ಮರಿ," ಎಂದ ದರ್ಜಿ, ಟೇಪು ಬಿಚ್ಚುತ್ತ. "ಕುತ್ತಿಗೆಯಿಂದ ಪಾದದವರೆಗೆ."

"ಪಾದದವರೆಗೆ ಯಾಕೆ?"

"ನಿಲುವಂಗಿ ಮಂಡಿವರೆಗೆ ಹೊಲಿಯೋಕಾಗುತ್ತಾ?"

"ಯಾರಿಗೆ ನಿಲುವಂಗಿ?"

ಅಜ್ಜಿಗೆ ಇನ್ನು ತಡೆಯಲಾಗಲಿಲ್ಲ. ತನ್ನ ಕಟ್ಟಪ್ಪಣೆಯನ್ನು ತಾನೇ ಮುರಿದಳು. "ನಿಂಗೇ ಕಣೋ! ಎಷ್ಟು ದಿನ ಅಂತ ಮುಚ್ಚಿಡ್ತೀಯ? ಪಾದ್ರಿ ಓದಿಗೆ ಸೆಮಿನರಿಗೆ ಹೋಗೋವಾಗ ಬೇಡ್ವಾ?"

"ಅಜ್ಜೀ, ನಾನು ಪಾದ್ರಿ ಆಗಲ್ಲ."

ದರ್ಜಿ ಟೇಪು ಸುತ್ತಿಕೊಂಡ. ಟೀ ಮಾತ್ರ ಪೂರ್ತಿ ಕುಡಿದ. ಇಂಥ ಹೊತ್ತಿನಲ್ಲಿ ಎದ್ದು ಹೋಗುವಷ್ಟು ದಡ್ಡ ಅವನಲ್ಲ.

"ಆಗಲ್ವಾ?" ಅಮ್ಮ ಬಂದು ಬಾಗಿಲಲ್ಲಿ ನಿಂತಳು. "ಮತ್ತೆ ಇಷ್ಟು ದಿನ ಎರಡೆರಡು ಮೊಟ್ಟೆ ತಿಂದ್ಯಲ್ಲೋ!"

"ನೀವು ಹಾಕಿದ್ರಿ, ನಾನು ತಿಂದೆ!"

"ತತ್ವಶಾಸ್ತ್ರ ಯಾಕೆ ತೊಗೊಂಡೆ ಮತ್ತೆ?" ಸುತ್ತಿಗೆ ಹಿಡಿದೇ ಒಳಗೆ ಬಂದ ಅಪ್ಪ. "ವಕೀಲ ಆಗೋಕಾ? ಮೇಷ್ಟ್ರಾಗೋಕಾ?"

"ಅದಿನ್ನೂ ಗೊತ್ತಿಲ್ಲ. ಸತ್ಯ ಅಂದ್ರೇನು, ನಾವು ತಿಳ್ಕೊಂಡಿರೋದು ನಿಜ ಅಂತ ಹೇಗೆ ಗೊತ್ತಾಗುತ್ತೆ, ಒಳ್ಳೆ ಬದುಕು ಅಂದ್ರೆ..."

"ಮನುಷ್ಯರ ಭಾಷೇಲಿ ಹೇಳೋ."

ಯಾಕಪ್ಪ ಬಾಯಿ ತೆರೆದ, ಮುಚ್ಚಿದ. ಹುಟ್ಟಿದಂದಿನಿಂದ ಎಲ್ಲರನ್ನೂ ಯಾಕೆ ಎಂದು ಕೇಳಿದವನಿಗೆ ಮೊದಲ ಬಾರಿ ಮನೆಯವರೆಲ್ಲ ಒಟ್ಟಿಗೆ ಯಾಕೆ ಎಂದು ಕೇಳುತ್ತಿದ್ದರು.

ಅಜ್ಜಿಯ ಕಣ್ಣು ತುಂಬಿತ್ತು. "ದೇವರನ್ನಾದ್ರೂ ನಂಬ್ತೀಯೋ, ಅದೂ ಇಲ್ವೋ?"

"ನಂಬ್ತೀನಿ ಅಜ್ಜಿ. ಯಾಕೆ ನಂಬ್ತೀನಿ ಅಂತ ಹುಡುಕ್ತಾ ಇದೀನಿ."

"ಸಿಗದೆ ಹೋದ್ರೆ?"

"ಸಿಗೋವರೆಗೂ ನಂಬ್ಕೊಂಡೇ ಹುಡುಕ್ತೀನಿ."

ಅಜ್ಜಿ ಮೂಗು ಒರೆಸಿಕೊಂಡಳು. ಸಮಾಧಾನವಾಯಿತೆಂದಲ್ಲ, ಬೈಯುವುದಕ್ಕೆ ಆ ಉತ್ತರದಲ್ಲಿ ಸಂದು ಸಿಗಲಿಲ್ಲ.

ಮರುದಿನದಿಂದ ಮೊಟ್ಟೆ ಒಂದಾಯಿತು, ಮೀನಿನ ಬಾಲ ಅವನ ತಟ್ಟೆಗೆ ಬಂತು, ಕಸದ ಡಬ್ಬ ಅವನ ಕೈಗೆ ಬಂತು. ಇವೆಲ್ಲ ಸಣ್ಣ ಮಾತು. ದೊಡ್ಡ ಮಾತನ್ನು ಅಪ್ಪ ಅಂಗಡಿಯಲ್ಲಿ ಹೇಳಿದ. ಅಕ್ಕ ಕಾಲೇಜಿನ ಮಾದರಿ ಕುರ್ಚಿಗೆ ಪಟ್ಟಿ ಬಿಗಿಯುತ್ತಿದ್ದಳು.

"ಆ ಕುರ್ಚಿ ಕೆಲಸ ಒಪ್ಕೋಬೇಡ. ಅಷ್ಟು ದೊಡ್ಡದನ್ನ ನಾನೊಬ್ಬ ತೂಗಿಸೋಕಾಗಲ್ಲ."

"ನಾನಿಲ್ವಾ ಅಪ್ಪ?"

"ನೀನು ನಾಳೆ ಇನ್ನೊಂದು ಮನೆಗೆ ಹೋಗೋಳು. ಇವನು ಮನೇಲೇ ಇರ್ತಾನೆ ಅಂತಾಯ್ತಲ್ಲ. ಆ ಓದು ಬಿಡಿಸಿ ಕೆಲಸಕ್ಕೆ ಹಾಕ್ತೀನಿ. ಮಗ ಇದ್ದ ಮೇಲೆ ಅಂಗಡಿ ಮಗನಿಗೇ."

ಅಕ್ಕ ಸುತ್ತಿಗೆಯನ್ನು ಮೆಲ್ಲಗೆ ಕೆಳಗಿಟ್ಟಳು. ಎಸೆಯಬೇಕೆನಿಸಿತ್ತು, ಆದರೆ ಅದು ಒಳ್ಳೆಯ ಸುತ್ತಿಗೆ. ಅಂದು ಮಧ್ಯಾಹ್ನ ಪಾತ್ರೆ ತೊಳೆಯುತ್ತಿದ್ದ ತಮ್ಮನನ್ನು ಬಚ್ಚಲಲ್ಲೇ ಅಡ್ಡಗಟ್ಟಿದಳು.

"ನೀನು ಪಾದ್ರಿ ಆಗು."

"ಏನಕ್ಕಾ ನೀನು?"

"ಆಗೋಕೆ ಏನು ಕಷ್ಟ? ಬೆಳಿಗ್ಗೆ ಬೇಗ ಏಳ್ತೀಯ, ಹಾಡು ಬರುತ್ತೆ, ಹುಡುಗೀರ ಕಡೆ ನೋಡೋ ಧೈರ್ಯ ಮೊದಲೇ ಇಲ್ಲ."

"ಕರೆ ಬರಬೇಕಲ್ಲ."

"ನಾನು ಕರೀತಿದೀನಲ್ಲೋ! ಸರಿ, ಆಗಬೇಡ. ಯೋಚನೆ ಮಾಡ್ತಿದೀನಿ ಅಂತ ಮಾತ್ರ ಹೇಳು. ಮೂರು ವರ್ಷ ಯೋಚನೆ ಮಾಡು. ಅಷ್ಟರಲ್ಲಿ ಕುರ್ಚಿ ಕೆಲಸ ಮುಗಿಸಿ ನಾನು ಅಂಗಡಿ ನಿಲ್ಲಿಸ್ತೀನಿ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ. ನಿನ್ನ ಓದೂ ಉಳಿಯುತ್ತೆ."

ಯಾಕಪ್ಪ ಒಂದು ತಟ್ಟೆಯನ್ನು ಎರಡು ಸಲ ತೊಳೆದ. ಅಕ್ಕ ಕೇಳಿದ್ದನ್ನು ಅವನು ಈವರೆಗೆ ಇಲ್ಲ ಅಂದವನಲ್ಲ. "ಅಜ್ಜಿ ಚರ್ಚಲ್ಲಿ ಎಲ್ಲರಿಗೂ ಹೇಳ್ತಾಳೆ. ದಿನಾ ಮೇಣದಬತ್ತಿ ಹಚ್ತಾಳೆ. ಮೂರು ವರ್ಷ ಆ ಮುಖ ನೋಡ್ಕೊಂಡು ಸುಳ್ಳು ಹೇಳೋಕೆ ನನ್ನ ಕೈಲಾಗಲ್ಲಕ್ಕಾ."

"ನಿನ್ನ ಸತ್ಯಕ್ಕೆ ನನ್ನ ಅಂಗಡಿ ಹೋಯ್ತು," ಎಂದಳು ಅಕ್ಕ. "ಚೆನ್ನಾಗಿ ಓದು." ಹಲವು ದಿನ ಅವನ ಜೊತೆ ಮಾತು ಬಿಟ್ಟಳು. ಊಟದ ಮೇಜಿನಲ್ಲಿ ಉಪ್ಪು ಬೇಕಾದರೂ ಅಮ್ಮನ ಮೂಲಕ ಕೇಳುತ್ತಿದ್ದಳು.

ಹೀಗಿರುವಾಗ ಅಪ್ಪ ಮಗನ ಹೆಸರು ತೆಗೆಸಲು ಕಾಲೇಜಿಗೆ ಹೊರಟ. ತೊಳೆದ ಅಂಗಿ ಹಾಕಿಕೊಂಡು, ಉಗುರಿನಲ್ಲಿದ್ದ ಗೋಂದು ಕೆರೆದುಕೊಂಡು ಹೋದ. ತತ್ವಶಾಸ್ತ್ರ ಕಲಿಸುವ ಪಾದ್ರಿ ಗಿಡ್ಡಗೆ, ಗುಂಡಗೆ ಇದ್ದರು. ಅವರು ಕೂತಿದ್ದ ಕುರ್ಚಿಯ ಸೀಟು ಕುಸಿದು ಗುಳಿಬಿದ್ದಿತ್ತು. ಅಪ್ಪನ ಕಣ್ಣು ಮೊದಲು ಹೋದದ್ದು ಅಲ್ಲಿಗೇ.

"ನಿಮ್ಮ ಕ್ಲಾಸಲ್ಲಿ ಓದಿದವರೆಲ್ಲ ಪಾದ್ರಿ ಆಗಲ್ವಾ ಫಾದರ್?"

"ಅಯ್ಯೋ, ಎಲ್ಲಾರೂ ಆದ್ರೆ ಪೂಜೆ ಕೇಳೋಕೆ ಯಾರು ಉಳೀತಾರೆ? ಹೋದ ಸಲ ಒಬ್ಬ ಆದ. ಒಬ್ಬಳು ವಕೀಲೆ ಆದಳು, ಒಬ್ಬ ಟೈರಿನ ಅಂಗಡಿ ಇಟ್ಟ. ಬೇರೆ ಧರ್ಮದ ಮಕ್ಕಳೂ ಇದಾರೆ. ಜಗಳ ಆಡೋದರಲ್ಲಿ ಅವರೇ ಮುಂದು."

"ಹಾಗಾದ್ರೆ ಇಲ್ಲಿ ಏನು ಕಲಿಸ್ತೀರಿ? ಭಕ್ತಿನಾ?"

"ಭಕ್ತಿ ನಿಮ್ಮ ತಾಯಿ ಕಲಿಸಿದಾರೆ, ಅವರಷ್ಟು ಚೆನ್ನಾಗಿ ನನಗೆ ಬರಲ್ಲ. ನಂಬಿರೋದನ್ನ ಬಿಚ್ಚಿ ನೋಡೋದು ಕಲಿಸ್ತೀನಿ."

"ಬಿಚ್ಚಿದ್ರೆ ಹಾಳಾಗಲ್ವಾ?"

"ನೀವು ಸೋಫಾ ಬಿಚ್ಚಲ್ವಾ ಮೇಸ್ತ್ರಿ?"

ಅಪ್ಪ ಬಿಡುವವನಲ್ಲ. "ಬಿಚ್ತೀನಿ. ಆದ್ರೆ ಬಿಚ್ಚಿದ್ದೆಲ್ಲ ಮತ್ತೆ ಕಟ್ಟೋಕೆ ಬರಲ್ಲ ಫಾದರ್. ಕೆಲವು ಒಳಗೆ ಹುಳ ತಿಂದಿರುತ್ತೆ. ಸೌದೆಗೆ ಹಾಕ್ಬೇಕು."

"ಹಾಕಿ ಮತ್ತೆ! ಹುಳ ತಿಂದದ್ದರ ಮೇಲೆ ಕೂತು ಬೀಳೋದಕ್ಕಿಂತ ಅದು ವಾಸಿ. ದೇವರು ಸತ್ಯ ಆಗಿದ್ರೆ ನಮ್ಮ ಪ್ರಶ್ನೆಗೆ ಹೆದರ್ತಾನಾ? ಹೆದರೋನು ದೇವರಲ್ಲ. ಇದನ್ನ ತಿಳ್ಕೊಂಡು, ಧೈರ್ಯವಾಗಿ ಕೇಳಿ, ಕೇಳಿದವರಿಗೆ ನೋಯದ ಹಾಗೆ ಮಾತಾಡೋಕೆ ಬಂದ್ರೆ ನನ್ನ ಪಾಠ ಸಾರ್ಥಕ. ಆಮೇಲೆ ಟೈರಾದ್ರೂ ಮಾರಲಿ."

ಹೆಸರು ತೆಗೆಸುವ ಮಾತಿಗೆ ಅವರು ಬೇಡ ಅನ್ನಲಿಲ್ಲ. ಈ ವಾರ ಹುಡುಗರಿಗೊಂದು ಹೋಂವರ್ಕ್ ಕೊಟ್ಟಿದ್ದೇನೆ, ಮನೆಯಲ್ಲಿ ನಡೆಯುವ ಒಂದು ತೀರ್ಮಾನ ಯಾವುದರ ಮೇಲೆ ನಿಂತಿದೆ ಎಂದು ಕೇಳಿಕೊಂಡು ಬರಬೇಕು, ಅದೊಂದು ಮುಗಿಯಲಿ, ಆಮೇಲೆ ಬನ್ನಿ ಎಂದರು. ಅಪ್ಪ ಹೂಂ ಅಂದ. ಹೊರಡುವಾಗ ತಡೆಯಲಾರದೆ, "ಆ ಕುರ್ಚಿ ಕಳಿಸಿಕೊಡಿ ಫಾದರ್, ನಿಮ್ಮ ಸೊಂಟ ಹೋಗುತ್ತೆ," ಎಂದೂ ಅಂದ.

ಹೋಂವರ್ಕ್ ಶುರುವಾದದ್ದು ಭಾನುವಾರದ ಊಟಕ್ಕೆ. ಪ್ರಾರ್ಥನೆ ಮುಗಿದು ಅಮ್ಮ ಮಾಂಸದ ಪಾತ್ರೆ ತೆರೆಯುತ್ತಿದ್ದಂತೆ ಯಾಕಪ್ಪ ಬೆನ್ನು ನೆಟ್ಟಗೆ ಮಾಡಿದ.

"ಅಪ್ಪಾ, ನಾನೊಂದು ಪ್ರಶ್ನೆ ಕೇಳಬೇಕು. ಅಂಗಡಿ ಅಕ್ಕನಿಗೆ ಎಂಬ ತೀರ್ಮಾನವನ್ನು ನೀವು ಮೊದಲು ಕೈಗೊಂಡಿರಿ. ಆ ತೀರ್ಮಾನಕ್ಕೆ ಆಧಾರವೇನೆಂದರೆ..."

"ಲೋ, ಮಾಂಸ ಆರಿಹೋಗುತ್ತೆ."

"ಆಧಾರವು ಏಕಮಾತ್ರವೋ ಅಥವಾ ಅನೇಕವೋ..."

"ಥೂ, ಕೊಡಿಲ್ಲಿ!" ಎಂದಳು ಅಕ್ಕ. ಮಾತು ಬಿಟ್ಟ ಮೇಲೆ ಅವನ ಕಡೆ ತಿರುಗಿದ್ದು ಅದೇ ಮೊದಲು. "ಒಂದು ಪ್ರಶ್ನೆ ಕೇಳೋಕೆ ಇಷ್ಟು ತಿಣುಕ್ತೀಯಲ್ಲೋ. ನಾನೇ ಕೇಳ್ತೀನಿ. ಅಪ್ಪಾ, ನನ್ನ ಕೈಗೆ ಅಂಗಡಿ ಕೊಡ್ತೀನಿ ಅಂದಾಗ ನನಗೆ ಕೆಲಸ ಬರ್ತಿತ್ತಾ?"

"ಬರ್ತಿತ್ತು."

"ಈಗ?"

"ಈಗ ಬರದೆ ಏನು? ನೀನು ಎಳೆದ ರೆಕ್ಸಿನ್ನಲ್ಲಿ ನನಗೇ ನೆರಿಗೆ ಕಾಣಲ್ಲ. ಅದಲ್ಲ ಮಾತು. ನೀನು ಇನ್ನೊಂದು ಮನೆಗೆ..."

"ಇವನು ಪಾದ್ರಿ ಆಗ್ತಾನೆ ಅಂದ್ಕೊಂಡಿದ್ರಲ್ಲ, ಆಗ ನಾನು ಇನ್ನೊಂದು ಮನೆಗೆ ಹೋಗ್ತಿರಲಿಲ್ವಾ? ಆಗ ಅಡ್ಡ ಬರದೆ ಇದ್ದ ಮದುವೆ ಈಗೆಲ್ಲಿಂದ ಅಡ್ಡ ಬಂತು?"

ಅಪ್ಪ ಬ್ರೆಡ್ಡು ಮುರಿಯುತ್ತಿದ್ದವನು ನಿಲ್ಲಿಸಿದ.

"ಇವನು ಬಿಳಿ ನಿಲುವಂಗಿ ಹಾಕ್ಕೊಂಡ್ರೆ ನಾನು ಮೇಸ್ತ್ರಿ. ಇವನು ಚಡ್ಡಿ ಹಾಕ್ಕೊಂಡು ಮನೇಲಿ ಕೂತ್ರೆ ನಾನು ಯಾರೂ ಅಲ್ಲ. ಇವನ ಬಟ್ಟೆಗೂ ನನ್ನ ಕೈಗೂ ಏನಪ್ಪಾ ಸಂಬಂಧ?"

ಯಾಕಪ್ಪ ಬಾಯಿ ಬಿಟ್ಟುಕೊಂಡು ಅವಳನ್ನೇ ನೋಡುತ್ತಿದ್ದ.

"ನಾನು ಕೇಳಬೇಕಾಗಿದ್ದು ಅದೇ," ಎಂದ ಕೊನೆಗೆ, ಮೆಲ್ಲಗೆ. "ಅಪ್ಪಾ, ಓದು ಬಿಡಿಸಿದ್ರೂ ನಾನು ಅಂಗಡಿ ಮುಟ್ಟಲ್ಲ. ಅದು ನಂದಲ್ಲ."

"ಎಲ್ಲಾರೂ ಸೇರಿ ನನಗೇ ಪಾಠ ಹೇಳ್ತೀರಾ?" ಅಪ್ಪ ತಟ್ಟೆ ಸರಿಸಿ ಎದ್ದು ಅಂಗಡಿಗೆ ನಡೆದ. ಅಮ್ಮ ಹಿಂದೆ ಹೊರಟಳು. ಅಜ್ಜಿ ಅವಳ ಸೆರಗು ಹಿಡಿದು ಕೂರಿಸಿದಳು.

"ಬಿಡೇ. ಉತ್ತರ ಇದ್ದಿದ್ರೆ ಊಟ ಬಿಟ್ಟು ಏಳ್ತಿರಲಿಲ್ಲ. ನಾನು ಹೆತ್ತ ಮಗ, ನಂಗೊತ್ತಿಲ್ವಾ?" ಎಂದವಳೇ ಮಾಂಸದ ಒಳ್ಳೆಯ ತುಂಡೊಂದನ್ನು ತೆಗೆದು ಅಕ್ಕನ ತಟ್ಟೆಗೆ ಹಾಕಿದಳು. "ಹುಡುಗಿ ಕೇಳಿದ್ದು ಸರಿಯಾಗಿದೆ. ನನ್ನ ಕಾಲದಲ್ಲಿ ಇದನ್ನ ಕೇಳೋಕೆ ನಮಗೆ ತೋಚಲಿಲ್ಲ. ತೋಚಿದ್ರೆ ತಾನೇ ಬಾಯಿ ಬರೋದು?"

ಅಪ್ಪ ಸೋತೆ ಎಂದು ಹೇಳಲಿಲ್ಲ. ಅವನ ಜಾಯಮಾನದಲ್ಲಿ ಆ ಮಾತಿಲ್ಲ. ಮರುದಿನ ಸಭಾಂಗಣದ ಕುರ್ಚಿಗಳ ಅಳತೆಗೆ ಅಕ್ಕನ ಜೊತೆ ತಾನೂ ಹೋದ. ಮ್ಯಾನೇಜರು ದರ ಕೇಳಿದಾಗ ಸಭಾಂಗಣದ ಛಾವಣಿಯನ್ನು ತುಂಬ ಆಸಕ್ತಿಯಿಂದ ನೋಡತೊಡಗಿದ. ಅಕ್ಕ ದರ ಹೇಳಿದಳು, ಮ್ಯಾನೇಜರು ಚೌಕಾಸಿ ಮಾಡಿದ, ಅಕ್ಕ ಜಗ್ಗಲಿಲ್ಲ. ಮಗನ ಹೆಸರು ತೆಗೆಸುವ ಮಾತು ಆ ದಾರಿಯಲ್ಲೇ ಎಲ್ಲೋ ಬಿದ್ದುಹೋಯಿತು. ಒಂದು ಷರತ್ತು ಮಾತ್ರ ಅಪ್ಪ ಹಾಕಿದ: ಓದುವುದಾದರೆ ಓದಲಿ, ಶನಿವಾರಗಳಲ್ಲಿ ಕಾಲೇಜಿನಿಂದ ಬಂದ ಮೇಲೆ ಕೂತು ಹಳೆ ಕುರ್ಚಿಯ ಮೊಳೆ ಕೀಳಬೇಕು. ಕೀಳುವುದರಲ್ಲಿ ಹೆಬ್ಬೆರಳಿಗೆ ಅಪಾಯ ಕಡಿಮೆ.

ಈಗ ಕುರ್ಚಿಗಳು ಅಂಗಡಿ ತುಂಬಿ ಅಂಗಳಕ್ಕೂ ಹರಿದಿವೆ. ಅಕ್ಕ ತಮ್ಮ ಮತ್ತೆ ಮಾತಾಡುತ್ತಾರೆ, ಅಂದರೆ ಜಗಳಾಡುತ್ತಾರೆ. ಮೊಳೆ ಕೀಳುತ್ತ ಅವನು ತರಗತಿಯಲ್ಲಿ ಕೇಳಿದ್ದನ್ನು ಹೇಳುತ್ತಾನೆ. "ಇದಕ್ಕೆ ಆಧಾರ ಏನೋ?" ಎಂದು ಅವಳು ಅವನನ್ನು ಹಿಡಿದು ಹಾಕುತ್ತಾಳೆ. ಚರ್ಚಿನ ಮೆಟ್ಟಿಲಿನಲ್ಲಿ ಹೆಂಗಸರು, ಮೊಮ್ಮಗ ಸೆಮಿನರಿಗೆ ಯಾವಾಗ ಹೋಗುತ್ತಾನೆ ಎಂದು ಕೊಂಕು ತೆಗೆದಾಗ ಅಜ್ಜಿ ತಲೆ ತಗ್ಗಿಸಲಿಲ್ಲ.

"ಅವನು ಯೋಚನೆ ಮಾಡೋಕೆ ಕಲೀತಿದಾನೆ. ನಿಮ್ಮ ಮನೇಲಿ ಯಾರಾದ್ರೂ ಮಾಡ್ತಾರಾ?"

ಮೊನ್ನೆ ಹಲ್ಲಿನ ಡಾಕ್ಟರೊಬ್ಬರು ತಮ್ಮ ಕ್ಲಿನಿಕ್ಕಿನ ಬೆಂಚಿನ ವಿಚಾರ ಮಾತಾಡಲು ಬಂದರು. ಊರಿಗೆ ಹೊಸಬರು. ಬಾಗಿಲಲ್ಲಿ ಅಪ್ಪ ಮುಕ್ಕಾಲಿಯ ಮೇಲೆ ಕೂತು ಸ್ಪಂಜು ಕತ್ತರಿಸುತ್ತಿದ್ದ. ಒಳಗೆ ಮೆಷಿನ್ನಿನ ಸದ್ದು.

"ಮೇಸ್ತ್ರಿ ಇದ್ದಾರಾ?"

ಅಪ್ಪನ ಕತ್ತರಿ ಒಂದು ಗಳಿಗೆ ನಿಂತಿತು. ಜೀವಮಾನವಿಡೀ ಆ ಪ್ರಶ್ನೆಗೆ "ನಾನೇ" ಎಂದು ಎದ್ದು ನಿಂತವನು ಅವನು. ಈ ಸಲ ಏಳಲಿಲ್ಲ.

"ಒಳಗೆ ಹೊಲೀತಿದಾಳೆ. ಕೂತ್ಕೊಳ್ಳಿ, ಕರೀತೀನಿ."

"ನೀವು ಯಾರು?"

"ನಾನಾ?" ಎಂದ ಅಪ್ಪ, ಸ್ಪಂಜಿನ ಚೂರನ್ನು ಮಂಡಿಯ ಮೇಲಿಂದ ಕೊಡವುತ್ತ. "ನಾನು ಮೇಸ್ತ್ರಿಯ ಅಪ್ಪ."